ಮೊಟಕು ಸವಾರಿ

ಮುಂಬಯಿಯೊಳಗೆ ಹಳ್ಳಿಗಳಿವೆ ಎಂದು ಊರಿಗೆ ಹೋದಾಗ ಹೇಳಿದರೆ ನಂಬುವವರಿಲ್ಲ. ಊರವರ ಲೆಕ್ಕದಲ್ಲಿ ಮುಂಬಯಿ ಎಂದರೆ ದಾದರ್ ಸ್ಟೇಷನ್ನಿನ ಸೇತುವೆ, ಲೋಕಲ್ಲಿನ ಬಾಗಿಲಲ್ಲಿ ನೇತಾಡುವ ಜನ, ಕಾಲು ಚಾಚಿದರೆ ಎದುರಿನ ಗೋಡೆಗೆ ತಾಗುವ ಖೋಲಿ. ಸುಳ್ಳೇನಲ್ಲ. ಆದರೆ ಅದೇ ಮಹಾನಗರಪಾಲಿಕೆಯ ಗಡಿಯೊಳಗೆ ಮಾನೋರಿ ಇದೆ, ಗೋರಾಯಿ ಇದೆ. ಅಲ್ಲಿ ಬಾವಿಕಟ್ಟೆಗಳಿವೆ, ಹುಂಜಗಳು ಹೊತ್ತುಗೊತ್ತಿಲ್ಲದೆ ಕೂಗುತ್ತವೆ, ಹಂಚಿನ ಮನೆಯ ಜಗಲಿಯಲ್ಲಿ ಮುದುಕಿಯರು ಬಲೆ ಬಿಡಿಸುತ್ತ ಕೂತಿರುತ್ತಾರೆ. ರಸ್ತೆ ತಿರುಗುವಲ್ಲೆಲ್ಲ ಒಂದು ಶಿಲುಬೆ, ಅದರ ಕೊರಳಿಗೆ ಒಂದು ಚೆಂಡುಹೂವಿನ ಮಾಲೆ. ಮಲಾಡಿನ ನಮ್ಮ ಮನೆಯ ಗಚ್ಚಿಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಕಟ್ಟಡಗಳ ಸಂದಿಯಲ್ಲಿ ಕಾಣುವ ಹಸಿರು ಗೆರೆ ಅದೇ ಇರಬೇಕೆಂದು ನಾನು ಹೇಳುತ್ತೇನೆ. ಅದು ಯಾವುದೋ ನಿಂತುಹೋದ ಕಟ್ಟಡದ ಮೇಲೆ ಬೆಳೆದ ಪಾಚಿ ಎಂದು ಮನೆಯವಳು ಹೇಳುತ್ತಾಳೆ. ಈ ವಿವಾದವನ್ನು ಬಗೆಹರಿಸುವ ಅವಸರ ನಮ್ಮಿಬ್ಬರಿಗೂ ಇಲ್ಲ.

ಆ ಗೆರೆಯ ಕಡೆಗೆ ಭಾನುವಾರ ಸೈಕಲ್ ತುಳಿಯುವವರು ನಾನು ಮತ್ತು ನನ್ನ ಭಾವ. ಇಬ್ಬರೂ ನಿವೃತ್ತರು. ಇಬ್ಬರ ಮೊಣಕಾಲುಗಳೂ ಸ್ವಾಯತ್ತ ಸಂಸ್ಥೆಗಳು, ನಮ್ಮ ಆದೇಶಗಳನ್ನು ಪರಿಶೀಲಿಸಿ ಆಮೇಲೆ ತಿಳಿಸುತ್ತವೆ. ನನ್ನದು ಗೇರಿಲ್ಲದ ಕರಿ ಸೈಕಲ್ಲು, ಹಿಂದೆ ಕ್ಯಾರಿಯರ್, ಪಕ್ಕದಲ್ಲಿ ಸ್ಟ್ಯಾಂಡು, ಚೈನಿಗೆ ತಗಡಿನ ಹೊದಿಕೆ. ಭಾವನದು ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಇಪ್ಪತ್ತೊಂದು ಗೇರಿನ ಸೈಕಲ್ಲು. ಇಪ್ಪತ್ತೊಂದರಲ್ಲಿ ಅವರು ಬಳಸುವುದು ಒಂದನ್ನೇ. ಉಳಿದವೆಲ್ಲ ಮೊಮ್ಮಕ್ಕಳಿಗೆ ಇರಲಿ ಎಂದು ಎತ್ತಿಟ್ಟಿದ್ದಾರೆ.

ನಮ್ಮ ಗುರಿ ಯಾವಾಗಲೂ ಉತ್ತನ್. ಮಾನೋರಿ ಗೋರಾಯಿಗಳನ್ನು ದಾಟಿ ಅದೇ ರಸ್ತೆಯಲ್ಲಿ ಬಡಗಣಕ್ಕೆ ಹೋದರೆ ಮುಂಬಯಿ ಪಾಲಿಕೆಯ ಸೀಮೆ ಮುಗಿದು ಮೀರಾ-ಭಾಯಂದರ್ ಪಾಲಿಕೆಯ ಸೀಮೆ ಬರುತ್ತದೆ. ಅಲ್ಲಿ ಕಡಲ ದಂಡೆಗೆ ಅಂಟಿಕೊಂಡ ಮೀನುಗಾರರ ಊರು ಉತ್ತನ್. ದೂರ ಹೇಳಿಕೊಳ್ಳುವಂಥದ್ದಲ್ಲ, ಹುಡುಗರು ತಿಂಡಿಗೆ ಮುಂಚೆ ಹೋಗಿಬರುತ್ತಾರೆ. ನಾವು ಹೊರಡುವುದು ಉತ್ತನ್ನಿಗೆ, ಮುಟ್ಟುವುದು ಬೇರೆ ಎಲ್ಲಿಗೋ. ಈ ಬೇರೆ ಎಲ್ಲಿಗೋ ಎಂಬ ಊರಿನ ಬಗ್ಗೆಯೇ ನನಗೆ ಹೇಳಲಿಕ್ಕಿರುವುದು.

ಮೊದಲು ದೋಣಿಯ ಮಾತು ಆಗಿಬಿಡಲಿ. ಮಾರ್ವೆಯ ದಕ್ಕೆಯಿಂದ ಮಾನೋರಿಗೆ ಖಾಡಿ ದಾಟಿಸುವ ಯಂತ್ರದ ದೋಣಿಯಲ್ಲಿ ಮನುಷ್ಯರಷ್ಟೇ ಘನತೆಯಿಂದ ಮೋಟರ್‌ಬೈಕುಗಳೂ ಸೈಕಲ್ಲುಗಳೂ ಪ್ರಯಾಣ ಮಾಡುತ್ತವೆ. ಸೈಕಲ್ಲನ್ನು ಹಲಗೆಯ ಮೇಲೆ ತಳ್ಳಿ ಒಳಗೆ ಹತ್ತಿಸಬೇಕು. ಹಲಗೆ ಸದಾ ಒದ್ದೆ. ಭರತದ ಹೊತ್ತಿನಲ್ಲಿ ಅದು ಮಟ್ಟಸವಾಗಿರುತ್ತದೆ, ಇಳಿತದ ಹೊತ್ತಿನಲ್ಲಿ ಇಳಿಜಾರಾಗುತ್ತದೆ. ಪೂರ್ತಿ ಇಳಿದಾಗ ಖಾಡಿ ಕೆಸರು ತೋರಿಸಿಕೊಂಡು ಮಲಗಿರುತ್ತದೆ, ಏಡಿಗಳು ಅದರ ಮೇಲೆ ಏನೋ ಬರೆದು ಅಳಿಸಿ ಬರೆಯುತ್ತಿರುತ್ತವೆ. ದೋಣಿಯಲ್ಲಿ ಸೀಟಿನ ಮೇಲೆ ಕೂರುವ ಕ್ರಮವಿಲ್ಲ, ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲುವುದು. ಆ ಹತ್ತು ನಿಮಿಷದಲ್ಲಿ ಡೀಸೆಲ್ ವಾಸನೆ, ಮೀನಿನ ಬುಟ್ಟಿಯ ವಾಸನೆ, ಯಾರದೋ ತಲೆಯ ಮಲ್ಲಿಗೆಯ ವಾಸನೆ ಒಂದರ ಹಿಂದೊಂದು ಬಂದುಹೋಗುತ್ತವೆ. ಹಿಂದೆ ಮಲಾಡಿನ ಗೋಪುರಗಳು, ಮುಂದೆ ಕಾಂಡ್ಲಾ ಗಿಡಗಳ ಬೇಲಿ. ಪೆಡಲನ್ನು ಒಮ್ಮೆಯೂ ತುಳಿಯದೆ ಶತಮಾನ ದಾಟುವ ಈ ಭಾಗವೇ ಇಡೀ ಸವಾರಿಯಲ್ಲಿ ನನಗೆ ಹೆಚ್ಚು ಹಿಡಿಸುವುದು. ಕೆಲವು ಭಾನುವಾರ ಆಚೆ ದಡದಲ್ಲಿ ಇಳಿದು ಚಹಾ ಕುಡಿದು ಮುಂದಿನ ದೋಣಿಗೆ ಹಿಂದಿರುಗಿದ್ದೂ ಉಂಟು. ಅದನ್ನೂ ಸೈಕಲ್ ಸವಾರಿಯೆಂದೇ ಮನೆಯಲ್ಲಿ ವರದಿ ಮಾಡುತ್ತೇವೆ. ಸೈಕಲ್ಲು ಜೊತೆಗಿತ್ತಲ್ಲ?

ಮಾನೋರಿಯಿಂದ ಮುಂದಿನ ರಸ್ತೆ ಸಣ್ಣದು. ಒಂದು ಕಡೆ ಗಾಳಿಮರ, ಇನ್ನೊಂದು ಕಡೆ ತಾಳೆ, ಮಧ್ಯೆ ಮಧ್ಯೆ ಕೊಯ್ಲಾದ ಗದ್ದೆ. ಮಳೆಗಾಲ ಕಳೆದ ಮೇಲೆ ಬಯಲಿನಲ್ಲಿ ಬಿದಿರಿನ ಅಡ್ಡೆಗಳು ಏಳುತ್ತವೆ, ಅವುಗಳ ಹಗ್ಗಕ್ಕೆ ಬೊಂಬಿಲ್ ಮೀನು ತೂಗುಬೀಳುತ್ತದೆ. ಗಂಟು ಹಾಕುವುದಿಲ್ಲ, ದಾರ ಕಟ್ಟುವುದಿಲ್ಲ. ಒಂದರ ಬಾಯಿಯನ್ನು ಇನ್ನೊಂದರ ಬಾಯಿಗೆ ಸಿಕ್ಕಿಸಿ ಜೋಡಿಯನ್ನು ಹಗ್ಗದ ಮೇಲೆ ಎಸೆದರೆ ಆಯಿತು, ಹಲ್ಲುಗಳೇ ಕೊಂಡಿ. ದೂರದಿಂದ ಮದುವೆ ಮನೆಯ ತೋರಣದ ಹಾಗೆ ಕಾಣುತ್ತದೆ, ಹತ್ತಿರ ಬಂದಾಗ ಮೂಗು ಬೇರೆ ಮಾತು ಹೇಳುತ್ತದೆ. ಭಾವ ಇಲ್ಲಿ ಯಾವಾಗಲೂ ಸೈಕಲ್ ನಿಧಾನ ಮಾಡುತ್ತಾರೆ. ಕುಂದಾಪುರದ ಕಡೆಯ ಅವರ ಬಾಲ್ಯ ಪೂರ್ತಿ ಆ ವಾಸನೆಯಲ್ಲಿದೆಯಂತೆ. "ಭಾವ, ಒಂದು ನಿಮಿಷ ನಿಲ್ಲುವನಾ ಮಾರಾಯ್ರೆ," ಎನ್ನುತ್ತಾರೆ. ನಿಲ್ಲುತ್ತೇವೆ. ಒಂದು ನಿಮಿಷ ಅಲ್ಲಿ ಬಹಳ ದೊಡ್ಡದು. ಉತ್ತನ್ ಆ ನಿಮಿಷದಲ್ಲಿ ಇನ್ನೊಂದಿಷ್ಟು ಬಡಗಣಕ್ಕೆ ಸರಿದಿರುತ್ತದೆ.

ಸವಾರಿ ಮೊಟಕಾಗುವ ಕಾರಣಗಳಿಗೂ ಕುಲಗೋತ್ರವಿದೆ ಎಂಬುದು ನನ್ನ ದೀರ್ಘ ಅಭ್ಯಾಸದ ಫಲ. ಎಲ್ಲಕ್ಕಿಂತ ಕೀಳು ಕಾರಣ ಮನೆಯಿಂದ ಬರುವ ಫೋನು: ಗ್ಯಾಸ್ ಸಿಲಿಂಡರ್ ಬಂದಿದೆ, ಚಿಲ್ಲರೆ ಎಲ್ಲಿಟ್ಟಿದ್ದೀರಿ? ಎದುರುಗಾಳಿ ಅದಕ್ಕಿಂತ ಒಂದು ಮೆಟ್ಟಿಲು ಮೇಲು, ಕಡಲ ಸೀಮೆಯಲ್ಲಿ ಅದಕ್ಕೆ ಒಂದಿಷ್ಟು ಮರ್ಯಾದೆ ಇದೆ. ಮಳೆ ಇನ್ನೂ ಮೇಲು, ಯಾಕೆಂದರೆ ಅದರಲ್ಲಿ ದೈವದ ಕೈ ಇದೆ. ಎಲ್ಲಕ್ಕಿಂತ ಕುಲೀನ ಕಾರಣ ಸಿಕ್ಕಿದ್ದು ಈ ದಾರಿಯಲ್ಲಲ್ಲ, ಆರೆಯಲ್ಲಿ.

ಆರೆ ಎಂದರೆ ಗೋರೆಗಾಂವಿನ ಮೂಡಣದ ಹಾಲಿನ ಕಾಲೊನಿ. ನಗರದ ಸಂದುಗೊಂದಿನ ತಬೇಲಾಗಳಲ್ಲಿ ಕಟ್ಟಿಹಾಕಿದ್ದ ಎಮ್ಮೆಗಳನ್ನು ಹೊರಗೆ ಸಾಗಿಸಬೇಕೆಂದು ದಾರಾ ಖುರೋಡಿಯವರು 1949ರಲ್ಲಿ ಇದನ್ನು ಕಟ್ಟಿಸಿದರು, 1951ರಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಎಮ್ಮೆಗಳಿಗೆ ಹೀಗೆ ಕಾಡುದಾರಿಯ ವಿಹಾರ ದಕ್ಕಿತು, ಜೊತೆಗೆ ನಮಗೂ. ಅತ್ತ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಇತ್ತ ಆರೆ. ಚಿರತೆಗಳು ನಡುವಿನ ಬೇಲಿಯನ್ನು ಮಾನ್ಯ ಮಾಡುವುದಿಲ್ಲ. ಒಂದು ಚಳಿಗಾಲದ ನಸುಕಿನಲ್ಲಿ ನಾವು ಇನ್ನೂ ಮೊದಲ ಏರಿನಲ್ಲಿದ್ದಾಗ ಕಾವಲುಗಾರ ಕೈ ಅಡ್ಡ ಮಾಡಿ ನಿಲ್ಲಿಸಿದ. ಮುಂದೆ ಚಿರತೆ ಓಡಾಡುತ್ತಿದೆ, ಬೆಳಕಾದ ಮೇಲೆ ಬನ್ನಿ ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಂಥ ಕಾರಣ ಮತ್ತೆ ಸಿಗುತ್ತದೆಯೇ? ತಿರುಗಿ ಬರುವಾಗ ಇಳಿಜಾರು, ಪೆಡಲು ಮುಟ್ಟುವ ಕೆಲಸವಿಲ್ಲ, ಎದೆ ಉಬ್ಬಿತ್ತು. ಅಂದು ಸಂಜೆಯ ಹೊತ್ತಿಗೆ ಕಟ್ಟಡದಲ್ಲೆಲ್ಲ ಸುದ್ದಿ ಹರಡಿ, ಚಿರತೆ ಭಾವನ ಹಿಂದಿನ ಮಡ್‌ಗಾರ್ಡನ್ನು ಮೂಸಿತು ಎಂಬಲ್ಲಿಗೆ ಬಂದು ನಿಂತಿತ್ತು. ನಾನು ಅಲ್ಲಗಳೆಯಲಿಲ್ಲ.

ನನ್ನ ಈ ಅರ್ಧಂಬರ್ಧತನದ ಮೂಲ ಹುಡುಕಿದರೆ ಬಾಡಿಗೆ ಸೈಕಲ್ಲಿನ ಅಂಗಡಿ ಸಿಗುತ್ತದೆ. ಗಂಟೆಗೆ ಇಷ್ಟು ಎಂದು ಸೈಕಲ್ ಕೊಡುವ ಅಂಗಡಿ ನಮ್ಮ ಕಾಲದ ಎಲ್ಲ ಊರಿನಲ್ಲೂ ಇತ್ತು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಗೋಡೆಯಲ್ಲಿ ಗಡಿಯಾರ, ಗಡಿಯಾರದ ಕೆಳಗೆ ಮಾಲಿಕನ ಮುಖ. ಒಳಪೆಡಲು ತುಳಿಯುವ ವಯಸ್ಸು ನಮ್ಮದು. ಚೌಕಟ್ಟಿನೊಳಗೆ ಕಾಲು ತೂರಿಸಿ, ಮೈಯನ್ನು ಹೊರಗೆ ವಾಲಿಸಿ, ಲೋಕ ನೋಡಲು ಹೊರಡುತ್ತಿದ್ದೆವು. ಜೇಬಿನಲ್ಲಿ ಒಂದು ಗಂಟೆಯ ದುಡ್ಡು. ಹಾಗಾಗಿ ಅರ್ಧ ಗಂಟೆ ಆದಲ್ಲಿ, ಅದು ಗದ್ದೆಯ ನಡುವಾಗಲಿ, ಹೊಳೆಯ ಸಂಕದ ಮೇಲಾಗಲಿ, ತಿರುಗಲೇಬೇಕು. ಕೈಗಡಿಯಾರ ಯಾರಿಗಿತ್ತು? ಗೇರುಬೀಜದ ಕಾರ್ಖಾನೆಯ ಕೂಗು, ಬಸ್ಸಿನ ಹೊತ್ತು, ಹೊಟ್ಟೆಯ ಹಸಿವು ಸೇರಿಸಿ ಅಂದಾಜು ಮಾಡುತ್ತಿದ್ದೆವು. ನಮ್ಮ ಭೂಗೋಳದ ತ್ರಿಜ್ಯವೇ ಬಾಡಿಗೆಯ ಅರ್ಧ. ಅದರಾಚೆ ಏನಿದೆಯೋ ಅದು ದೊಡ್ಡವರಿಗೆ ಸೇರಿದ್ದು. ಈಗ ಸೈಕಲ್ಲು ಸ್ವಂತದ್ದು, ಗಡಿಯಾರ ಕೈಯಲ್ಲಿದೆ, ಮಾಲಿಕ ಎಂದೋ ತೀರಿಕೊಂಡ. ಆದರೂ ಒಂದು ಹಂತ ಬಂದಾಗ ಬೆನ್ನಹುರಿಯೊಳಗೆ ಆ ಗಡಿಯಾರ ಟಣ್ ಎನ್ನುತ್ತದೆ.

ಮುಂಬಯಿಯ ಕನ್ನಡಿಗರಿಗೆ ಈ ಟಣ್ ಹೊಸದೂ ಅಲ್ಲ. ಭಾವನ ತಂದೆ ಮಾಟುಂಗದ ಕಡೆ ಹೋಟೆಲಿನಲ್ಲಿ ಕೆಲಸ ಮಾಡಿಕೊಂಡು ಕನ್ನಡದ ರಾತ್ರಿಶಾಲೆಯಲ್ಲಿ ಕಲಿತವರು. ಆಗ ಊರಿಂದ ಬಂದ ಹುಡುಗರ ಪಾಡು ಅದೇ, ಹಗಲು ಹೋಟೆಲು, ರಾತ್ರಿ ಶಾಲೆ. ಮಧ್ಯಾಹ್ನದ ಊಟದ ಎಲೆ ಎತ್ತಿದ ಮೇಲೆ ಸಂಜೆಯ ಕಾಫಿ ಶುರುವಾಗುವ ತನಕ ಒಂದಿಷ್ಟು ಬಿಡುವು ಅವರದೇ. ಆ ಬಿಡುವಿನಲ್ಲಿ ಬಾಡಿಗೆ ಸೈಕಲ್ ಹಿಡಿದು ಸಾಯನ್ ದಾಟಿ ಉಪ್ಪಿನಗದ್ದೆ ಕಾಣುವ ತನಕ ಹೋಗಿ ಬರುತ್ತಿದ್ದರಂತೆ. ಉಪ್ಪಿನಗದ್ದೆ ಕಂಡಿತೋ, ತಿರುಗಿಸು. ಗದ್ದೆಯ ಬದುವಿನ ಮೇಲೆ ಇಳಿದು ನಡೆಯುವ ಆಸೆ ಅವರಿಗೆ ಕೊನೆಯ ತನಕ ಇತ್ತು ಎಂದು ಭಾವ ಹೇಳುತ್ತಾರೆ. ಆಮೇಲೆ ಸ್ವಂತ ಹೋಟೆಲು ಮಾಡಿ, ಕಾರು ಕೊಂಡು, ಆ ರಸ್ತೆಯಲ್ಲೇ ಸಾವಿರ ಸಲ ಓಡಾಡಿದರೂ ಕಾರಿನಿಂದ ಇಳಿಯಲು ಅವರಿಗೆ ಪುರುಸೊತ್ತಾಗಲಿಲ್ಲ.

ಈಗಿನವರ ಲೋಕ ಬೇರೆ. ನಮ್ಮ ತಂಗಿಯ ಮಗನೊಬ್ಬ ಬಿ.ಆರ್.ಎಂ. ಎಂಬ ದೀರ್ಘ ಸವಾರಿಗಳ ಹುಚ್ಚಿನವನು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, 300 ಆದರೆ 20 ಗಂಟೆ, 400 ಆದರೆ 27, 600 ಆದರೆ 40. ಕೈಯಲ್ಲಿ ಒಂದು ಕಾರ್ಡು, ದಾರಿಯುದ್ದಕ್ಕೂ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು. ಹೊತ್ತಿನೊಳಗೆ ತಲುಪದಿದ್ದರೆ ಹೆಸರಿನ ಮುಂದೆ ಡಿ.ಎನ್.ಎಫ್. ಎಂದು ಬರೆಯುತ್ತಾರೆ, ಮುಗಿಸಲಿಲ್ಲ ಎಂಬ ಷರಾ. ಒಮ್ಮೆ ಕಸಾರಾ ಘಾಟಿನ ಬುಡದಲ್ಲಿ ಅವನಿಗೆ ಆ ಷರಾ ಬಿತ್ತು. ಎರಡು ದಿನ ಊಟ ಬಿಟ್ಟ. ಸಮಾಧಾನ ಮಾಡಲು ಹೋದ ನನ್ನ ಹತ್ತಿರ ಹೇಳಿದ, "ಮಾವ, ನಿಮಗೆ ಅದೆಲ್ಲ ಅರ್ಥ ಆಗ್ಲಿಕ್ಕಿಲ್ಲ." ಅರ್ಥವಾಗಲಿಕ್ಕಿಲ್ಲ ಎಂಬುದು ನಿಜ. ನನ್ನ ಭಾನುವಾರಗಳಿಗೆಲ್ಲ ಕಾರ್ಡು ಮಾಡಿಸಿದರೆ ಡಿ.ಎನ್.ಎಫ್. ಬಿಟ್ಟು ಬೇರೆ ಅಕ್ಷರವೇ ಅದರಲ್ಲಿ ಇರಲಾರದು, ಮುದ್ರೆ ಒತ್ತುವವನ ಕೈ ಸೋತೀತು. ಘಾಟಿನ ಬುಡದಲ್ಲಿ ಕೂತಿದ್ದಾಗ ಏನು ಕಂಡೆ ಎಂದು ಕೇಳಿದೆ. ಹೆಡ್‌ಲೈಟುಗಳು ಒಂದರ ಹಿಂದೊಂದು ಬೆಟ್ಟ ಹತ್ತುತ್ತಿದ್ದವು, ಒಬ್ಬ ಲಾರಿ ಡ್ರೈವರ್ ಸ್ಟವ್ ಹಚ್ಚಿ ಬಟಾಟೆ ಬೇಯಿಸುತ್ತಿದ್ದ, ನನಗೂ ಕೊಟ್ಟ ಎಂದ. ಮುಗಿಸಿದ ಸವಾರಿಗಳ ಬಗ್ಗೆ ಅವನು ಹೇಳುವುದೆಲ್ಲ ಬರೀ ಅಂಕಿ. ಈ ಬಟಾಟೆಯ ಕಥೆಯನ್ನು ಮಾತ್ರ ಈಗಲೂ ಹೇಳುತ್ತಾನೆ, ಪ್ರತಿಸಲ ಅದಕ್ಕೆ ಒಂದು ಹಸಿಮೆಣಸು ಹೆಚ್ಚಿಗೆ ಬೀಳುತ್ತದೆ.

ಮುಗಿಸದವರ ಪರ ವಕಾಲತ್ತು ಹಿಡಿದ ಮೇಲೆ ನರಿಮನ್ ಕಪಾಡಿಯಾರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1923ರ ಅಕ್ಟೋಬರ್ 15ರಂದು ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಮಂದಿ ಪಾರ್ಸಿ ತರುಣರು ಇದೇ ಊರಿನಿಂದ ಸೈಕಲ್ ಏರಿ ಲೋಕ ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್ಗರಾ ಈ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರ ಮಾರ್ಚ್ 18ರಂದು ವಾಪಸು ಬಂದರು. ಅವರು ಬರೆದ ಪುಸ್ತಕ 1931ರಲ್ಲಿ ಅಚ್ಚಾಯಿತು. ಕೀರ್ತಿಯೆಲ್ಲ ಸಹಜವಾಗಿ ಆ ಮೂವರದು. ಉಳಿದ ಮೂವರಲ್ಲಿ ಗುಸ್ತಾದ್ ಹಾಥಿರಾಮ್ ಅಮೆರಿಕದಲ್ಲೇ ನೆಲೆಸಿಬಿಟ್ಟರು, ಕೇಕಿ ಪೋಚಖಾನಾವಾಲಾ ಅಮೆರಿಕದಿಂದ ಊರಿಗೆ ಮರಳಿದರು. ಕಪಾಡಿಯಾ ತೆಹರಾನಿನಿಂದಲೇ ಹಿಂದಿರುಗಿದರು. ಬಾಂಬೆಯಿಂದ ತೆಹರಾನಿನ ತನಕ, ಆ ಕಾಲದ ರಸ್ತೆಯಲ್ಲಿ, ಆ ಕಾಲದ ಟಯರಿನಲ್ಲಿ ಸೈಕಲ್ ತುಳಿದವರನ್ನು ಅರ್ಧಕ್ಕೆ ಬಿಟ್ಟವರು ಎನ್ನಲು ಎಂಥ ನಾಲಿಗೆ ಬೇಕು! ಉಳಿದವರು ಮುಂದೆ ಹೋದ ಮರುದಿನ ಬೆಳಿಗ್ಗೆ ಅವರು ಏನು ಮಾಡಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ. ಆತುರ ಮುಗಿದಿದೆ. ಯಾರನ್ನೂ ಹಿಂಬಾಲಿಸಬೇಕಿಲ್ಲ. ಪಾರ್ಸಿಗಳ ಪೂರ್ವಜರ ನಾಡು ಅದು, ಬಿಸಿಬಿಸಿ ರೊಟ್ಟಿ ಸಿಗುವ ಊರು. ನಾನಾಗಿದ್ದರೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಇನ್ನೊಂದು ಲೋಟ ಚಹಾ ತರಲು ಹೇಳುತ್ತಿದ್ದೆ. ಕೀರ್ತಿವಂತ ಮೂವರ ಮೇಲೆ ನನಗೆ ಗೌರವವಿದೆ. ಊಟಕ್ಕೆ ಕರೆಯುವುದಾದರೆ ಕಪಾಡಿಯಾರನ್ನು ಕರೆಯುತ್ತೇನೆ.

ಅಷ್ಟು ದೂರ ಹೊರಟವರ ಊರಿನಲ್ಲಿ ಈಗ ಸೈಕಲ್ಲಿಗೆ ಕಡಲ ಮೇಲಿನ ದೊಡ್ಡ ಸೇತುವೆಗಳು ಬಾಗಿಲು ಹಾಕಿಕೊಂಡಿವೆ. 2009ರ ಬಾಂದ್ರಾ-ವರ್ಲಿ ಸಮುದ್ರ ಸೇತುವೆಗೆ ಸೈಕಲ್ ಹತ್ತುವ ಹಾಗಿಲ್ಲ. 2024ರ ಅಟಲ್ ಸೇತು 21.8 ಕಿಲೋಮೀಟರು ಉದ್ದ, ಬಹುಪಾಲು ನೀರಿನ ಮೇಲೆ. ಸೈಕಲ್ಲಿನವನಿಗೆ ಅದು ನೋಡುವ ವಸ್ತು. ಬಲಕ್ಕೆ ಕಡಲು, ಎಡಕ್ಕೆ ಕಡಲು, ಕೆಳಗೆ ರಾಜಹಂಸಗಳು ಇಳಿಯುವ ಶಿವಡಿಯ ಕೆಸರು, ಅದನ್ನು ಗಂಟೆಗೆ ನೂರು ಕಿಲೋಮೀಟರು ವೇಗದವರಿಗೆ ಮೀಸಲಿಟ್ಟಿದ್ದಾರೆ. ಅಷ್ಟು ವೇಗದಲ್ಲಿ ಹಂಸ ಯಾವುದು, ತೇಲುವ ಪ್ಲಾಸ್ಟಿಕ್ಕು ಯಾವುದು? ಇದ್ದುದರಲ್ಲಿ ಪುಣ್ಯ ಕಟ್ಟಿಕೊಂಡದ್ದು ಮೆಟ್ರೋ. 2022ರಲ್ಲಿ ಶುರುವಾದ 2ಎ ಮತ್ತು 7ನೇ ಮಾರ್ಗಗಳಲ್ಲಿ ಬೋಗಿಯೊಳಗೆ ಸೈಕಲ್ ತರಲು ಬಿಡುತ್ತಾರೆ. ಒಮ್ಮೆ ಭಾವನ ಉತ್ಸಾಹ ಮಿತಿಮೀರಿ ನಾವು ಭಾಯಂದರ್ ಕಡೆ ಹೊರಳಿ, ಆಮೇಲೆ ಸೊರಗಿ, ದಹಿಸರಿನಲ್ಲಿ ಮೆಟ್ರೋ ಹತ್ತಿ ಮಲಾಡಿನಲ್ಲಿ ಇಳಿದೆವು. ಹವಾನಿಯಂತ್ರಿತ ಬೋಗಿಯಲ್ಲಿ ಮಣ್ಣು ಮೆತ್ತಿದ ಎರಡು ಸೈಕಲ್ಲು, ಅವುಗಳ ಪಕ್ಕ ಬೆವರುವ ಎರಡು ಬಿಳಿತಲೆ. ಎದುರಿನ ಕಾಲೇಜು ಹುಡುಗಿ ಎದ್ದು ಸೀಟು ಕೊಟ್ಟಳು. ಸೈಕಲ್ ಸವಾರನಿಗೆ ಇದಕ್ಕಿಂತ ಅವಮಾನವಿಲ್ಲ, ಕೂತೆವು.

ಪಂಕ್ಚರಿನ ಬಗ್ಗೆ ಇನ್ನೂ ಹೇಳಿಲ್ಲ, ಅದನ್ನು ನಾನು ಕಾರಣಗಳ ಪಟ್ಟಿಯಿಂದ ಬೇಕೆಂದೇ ಹೊರಗಿಟ್ಟೆ. ಪಂಕ್ಚರ್ ಎಂದರೆ ಒಂದು ಸಭೆ. ಆಲದ ಮರದ ಕೆಳಗೆ ಪಂಪು, ನೇತುಹಾಕಿದ ಹಳೆ ಟಯರು, ತುಕ್ಕು ಹಿಡಿದ ತಟ್ಟೆಯಲ್ಲಿ ಕಂದು ನೀರು. ಅಂಗಡಿಯವ ಟಯರಿನ ಅಂಚಿಗೆ ಕಡ್ಡಿ ತೂರಿಸಿ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಒಂದೊಂದು ಗೇಣನ್ನೂ ನೀರಿನಲ್ಲಿ ಮುಳುಗಿಸುತ್ತಾನೆ. ಸುತ್ತ ಕೂತವರೆಲ್ಲ ಮಾತು ನಿಲ್ಲಿಸಿ ಬಗ್ಗಿ ನೋಡುತ್ತಾರೆ. ಇಲ್ಲ... ಇಲ್ಲ... ಬಂತು! ಗುಳುಗುಳು ಗುಳ್ಳೆಸಾಲು. ಅಷ್ಟು ಸಣ್ಣ ತೂತು, ಅದರಿಂದ ಅಷ್ಟು ದೊಡ್ಡ ಭಾನುವಾರ ಸೋರಿಹೋಯಿತು. ಅವನು ಜಾಗ ಒರೆಸಿ, ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ಒಣಗಲು ಬಿಡುತ್ತಾನೆ. ಒಣಗಲು ಬಿಡುವ ಆ ಹೊತ್ತಿನಲ್ಲಿ ಯಾವ ಅವಸರವಂತನೂ ಏನೂ ಮಾಡಲಾರ. ಗೋರಾಯಿಯ ಹತ್ತಿರ ಒಮ್ಮೆ ಹೀಗೆ ಕೂತಿದ್ದಾಗ ದೂರದಲ್ಲಿ ವಿಪಶ್ಯನಾ ಪಗೋಡದ ಚಿನ್ನದ ಬಣ್ಣದ ಗೋಪುರ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿ ಒಳಗೆ ಒಂದೂ ಕಂಬವಿಲ್ಲದ ಮಹಾಗುಮ್ಮಟದ ಕೆಳಗೆ ಜನ ಉಸಿರನ್ನು ಗಮನಿಸುತ್ತ ಕೂರುತ್ತಾರೆ. ಇಲ್ಲಿ ನಾವು ಟ್ಯೂಬಿನ ಉಸಿರನ್ನು ಗಮನಿಸುತ್ತ ಕೂತಿದ್ದೆವು. ಭಾವನಿಗೆ ಎರಡರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಉತ್ತನ್ನನ್ನು ಕಂಡೇ ಇಲ್ಲವೆಂದು ತಿಳಿಯಬೇಡಿ. ಗಾಳಿ ಬೆನ್ನಿಗೆ ಬಿದ್ದು, ಫೋನಿನ ಬ್ಯಾಟರಿ ಸತ್ತು, ಬೊಂಬಿಲ್ ಇನ್ನೂ ಹಗ್ಗ ಏರದ ಕಾಲವಾಗಿ, ತಡೆಯುವವರೇ ಇಲ್ಲದೆ ಒಂದು ಸಲ ತಲುಪಿಬಿಟ್ಟೆವು. ಬಣ್ಣದ ದೋಣಿಗಳಿದ್ದವು, ಇಗರ್ಜಿ ಇತ್ತು, ಕಡಲಿತ್ತು. ಬೇರೆ ಏನಿತ್ತು ಎಂದರೆ ನೆನಪಿಗೆ ಬರುವುದಿಲ್ಲ. ತಲುಪಿದೆವಲ್ಲ ಎಂದು ಭಾವ ಸುತ್ತ ನೋಡಿದರು, ಏನೋ ಕಳೆದುಕೊಂಡವರ ಮುಖ. "ಇನ್ನೆಂತ ಮಾಡುದು ಭಾವ?" ಎಂದರು. ತಿರುಗುವುದಕ್ಕೆ ಕಾರಣವೇ ಇಲ್ಲದೆ ತಿರುಗುವುದು ಹೇಗೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಆದರೆ ತಲುಪದ ದಿನಗಳಲ್ಲಿ ಸೈಕಲ್ ತಿರುಗಿಸಿದ ಒಂದೊಂದು ಜಾಗವೂ ನನಗೆ ಬಾಯಿಪಾಠ: ಪಾಯ ಕುಸಿದ ಮೋರಿ, ಅದರ ಬಲಕ್ಕೆ ಬಿಂಬಲದ ಮರ, ನೀಲಿ ಬಾಗಿಲಿನ ಮನೆ, ಅಲ್ಲಿ ಮಳೆಗೆ ನಿಂತಾಗ ಅಜ್ಜಿ ಕೊಟ್ಟ ಒಣಗಿದ ಟವೆಲು, ಎರಡು ರಸ್ತೆ ಕೂಡುವಲ್ಲಿನ ಶಿಲುಬೆ, ಅದರ ಕಟ್ಟೆಯ ಮೇಲೆ ನಿದ್ದೆ ಹೋಗುವ ಕಂದು ನಾಯಿ. ಆ ನಾಯಿಗೆ ನಾವು ಗೊತ್ತು. ನಾವು ಸೈಕಲ್ ನಿಲ್ಲಿಸಿದರೆ ಒಂದು ಕಣ್ಣು ತೆರೆದು ಮುಚ್ಚುತ್ತದೆ, ತಿರುಗಿಸುತ್ತಾರೆಂದು ಅದಕ್ಕೂ ಖಾತ್ರಿ.

ನಿಮ್ಮಲ್ಲಿ ಯಾರಾದರೂ ಈ ಕಡೆ ಸೈಕಲ್ ತರುವವರಿದ್ದರೆ ಡಿಸೆಂಬರ್ ಜನವರಿಯಲ್ಲಿ ತನ್ನಿ. ಬೆಳಗಿನ ದೋಣಿ ಹಿಡಿಯಿರಿ, ಚಿಲ್ಲರೆ ಇಟ್ಟುಕೊಳ್ಳಿ, ಒದ್ದೆ ಹಲಗೆಯ ಮೇಲೆ ಬ್ರೇಕು ಒತ್ತಿಕೊಂಡೇ ನಡೆಯಿರಿ. ಕುಡಿಯುವ ನೀರು ಜೊತೆಗಿರಲಿ. ಬೊಂಬಿಲ್ ಒಣಗುವ ವಾಸನೆ ಆಗದವರು ಬಡಗಣದ ಇನ್ನೊಂದು ಖಾಡಿಯಾಚೆ ವಸಾಯಿಯ ಕಡೆ ಹೋಗಬಹುದು. ಅಲ್ಲಿ ಬಾಳೆಹಣ್ಣು ಒಣಗಿಸುತ್ತಾರೆ.